ಶಾಲೆ ತೆರೆದರು, ಕಿಟಕಿ ತೆರೆಯಲಿಲ್ಲ

2021ರ ಆಗಸ್ಟ್ 23ರಂದು ಕರ್ನಾಟಕದಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗಿನ ಮಕ್ಕಳಿಗೆ ಶಾಲೆ, ಕಾಲೇಜುಗಳ ಬಾಗಿಲು ಮತ್ತೆ ತೆರೆಯಿತು. ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಒಳಗೆ ಬರುವವರ ಹಣೆಗೆ ಥರ್ಮಲ್ ಗನ್ ಹಿಡಿದರು, ಅಂಗೈಗೆ ಸ್ಯಾನಿಟೈಸರ್ ಹಾಕಿದರು, ಅಂಗಳದಲ್ಲಿ ಸುಣ್ಣದಿಂದ ಬರೆದ ವೃತ್ತಗಳಲ್ಲಿ ನಿಲ್ಲಿಸಿದರು. ಬೆಂಚು, ಬಾಗಿಲು, ಗೋಡೆಗಳಿಗೆಲ್ಲ ಮೊದಲೇ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಿ ಮುಗಿದಿತ್ತು. ಮಕ್ಕಳು ದಿನಕ್ಕೆ ನಾಲ್ಕೈದು ಗಂಟೆ ಉಸಿರಾಡಬೇಕಾಗಿದ್ದ ಕೋಣೆಯ ಗಾಳಿಯನ್ನು ಮಾತ್ರ ಕೇಳಿದವರಿಲ್ಲ.

ಶಾಲೆಯ ಸುರಕ್ಷತೆ ಎಂದರೆ ಶುಚಿತ್ವ ಎಂಬ ನಂಬಿಕೆ ಕೊರೊನಾದ ಆ ಎರಡು ವರ್ಷ ಸರ್ಕಾರದ ಆದೇಶಗಳಿಂದ ಹಿಡಿದು ಪಾಲಕರ ವಾಟ್ಸಾಪ್ ಗುಂಪುಗಳವರೆಗೆ ಎಲ್ಲರನ್ನೂ ಆಳಿತು. ಒರೆಸಿ, ತೊಳೆದು, ಜ್ವರ ನೋಡಿ ಶಾಲೆ ತೆರೆಯುವುದು; ಸೋಂಕು ಏರಿತೆಂದರೆ ಬೀಗ ಹಾಕುವುದು. ಈ ಎರಡರ ನಡುವೆ ಮೂರನೆಯ ದಾರಿಯೇ ಇಲ್ಲವೆಂಬಂತೆ ನಡೆದುಕೊಂಡೆವು. ಇವತ್ತಿಗೂ ಹೆಚ್ಚಿನವರ ಮನಸ್ಸಿನಲ್ಲಿ ಉಳಿದಿರುವುದು ಅದೇ ಚಿತ್ರ. ಇನ್ನೊಂದು ಸಾಂಕ್ರಾಮಿಕ ಬಂದರೆ ಮತ್ತೆ ಅದೇ ಸ್ಯಾನಿಟೈಸರ್ ಡಬ್ಬಗಳು ಬರುತ್ತವೆ, ಅದೇ ಬೀಗಗಳು ಬೀಳುತ್ತವೆ. ಅದಕ್ಕಾಗಿಯೇ ಇದನ್ನು ಈಗ ಬರೆಯಬೇಕಾಗಿದೆ. ಕೊರೊನಾ ಮುಖ್ಯವಾಗಿ ಗಾಳಿಯಲ್ಲಿ ಹರಡಿದ ರೋಗ. ಗಾಳಿಯಲ್ಲಿ ಹರಡುವ ರೋಗಕ್ಕೆ ಬೆಂಚು ಒರೆಸುವುದು ಮದ್ದಲ್ಲ. ಗಾಳಿಯನ್ನು ನೋಡಿಕೊಂಡಿದ್ದರೆ ನಮ್ಮ ಶಾಲೆಗಳನ್ನು ಎಷ್ಟೋ ತಿಂಗಳು ಮೊದಲೇ ತೆರೆಯಬಹುದಿತ್ತು, ತೆರೆದ ಮೇಲೆ ಮತ್ತೆ ಮುಚ್ಚುವ ಪ್ರಸಂಗವನ್ನೂ ಬಹಳ ಮಟ್ಟಿಗೆ ತಪ್ಪಿಸಬಹುದಿತ್ತು.

ಈ ನಂಬಿಕೆ ಬಂದದ್ದೆಲ್ಲಿಂದ ಎಂಬುದನ್ನು ಮೊದಲು ನೋಡಬೇಕು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ಖಡಾಖಂಡಿತವಾಗಿ ಸಾರಿತು. ಕೆಮ್ಮಿದಾಗ, ಸೀನಿದಾಗ ಸಿಡಿಯುವ ಹನಿಗಳು ಆರಡಿಯೊಳಗೆ ನೆಲಕ್ಕೆ ಬೀಳುತ್ತವೆ, ಬಿದ್ದ ಜಾಗ ಮುಟ್ಟಿ ಮುಖ ಮುಟ್ಟಿಕೊಂಡರೆ ರೋಗ ಬರುತ್ತದೆ ಎಂಬುದು ಆಗಿನ ಪಾಠ. ಆದರೆ ಅದೇ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಕಣಿವೆಯಲ್ಲಿ ಒಂದು ಗಾಯನ ತಂಡದ 61 ಜನ ಎರಡೂವರೆ ಗಂಟೆ ಅಭ್ಯಾಸಕ್ಕೆ ಕೂಡಿದ್ದರು. ಕಾಯಿಲೆ ಬಿದ್ದವರು 53, ತೀರಿಕೊಂಡವರು ಇಬ್ಬರು. ಅದಕ್ಕೂ ಮೊದಲು, ಜನವರಿಯಲ್ಲಿ, ಚೀನಾದ ಗ್ವಾಂಗ್‌ಝೌ ನಗರದ ಹೋಟೆಲೊಂದರಲ್ಲಿ ಎ.ಸಿ. ಗಾಳಿ ಸುತ್ತುತ್ತಿದ್ದ ಮೂಲೆಯ ಮೂರು ಮೇಜುಗಳಲ್ಲಿ ಕೂತಿದ್ದ, ಪರಸ್ಪರ ಪರಿಚಯವೇ ಇಲ್ಲದ ಮೂರು ಕುಟುಂಬಗಳ ಹತ್ತು ಜನರಿಗೆ ಸೋಂಕು ಹತ್ತಿತ್ತು. ಹನಿ ಆರಡಿಗೆ ಬೀಳುವುದಾದರೆ ಇವೆರಡೂ ನಡೆಯಬಾರದಿತ್ತು. ಜುಲೈನಲ್ಲಿ ಲಿಡಿಯಾ ಮೊರಾವ್‌ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಬಹಿರಂಗ ಪತ್ರಕ್ಕೆ 239 ವಿಜ್ಞಾನಿಗಳು ದನಿಗೂಡಿಸಿದರು: ಇದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಮೂಲಕ ಹರಡುತ್ತಿದೆ, ಕಟ್ಟಡಗಳ ಗಾಳಿಯಾಟ ಸರಿಮಾಡಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಮಾಹಿತಿಪುಟದಲ್ಲಿ ನೇರವಾಗಿ ಬರೆದದ್ದು 2021ರ ಏಪ್ರಿಲ್ ಕೊನೆಗೆ, ಭಾರತದಲ್ಲಿ ಎರಡನೆಯ ಅಲೆ ಆಮ್ಲಜನಕಕ್ಕಾಗಿ ಜನರನ್ನು ಬೀದಿಗೆ ಎಳೆದಿದ್ದ ವಾರ. ಅದೇ ತಿಂಗಳು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕು ಮೆತ್ತಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಹತ್ತುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ನಮ್ಮ ಶಾಲೆಗಳು ಬೆಂಚಿಗೆ ಹೈಪೋಕ್ಲೋರೈಟ್ ಹೊಡೆದದ್ದು ಇದಾಗಿ ನಾಲ್ಕು ತಿಂಗಳ ಮೇಲೆ.

ಈ ತಪ್ಪಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಚಾರ್ಲ್ಸ್ ಚಾಪಿನ್ ಎಂಬಾತ ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ. 1910ರಲ್ಲಿ ಬಂದ ಅವನ ಪುಸ್ತಕ, ರೋಗ ಹರಡುವುದು ಸಂಪರ್ಕದಿಂದ, ಗಾಳಿಯ ಪಾಲು ಗಣನೆಗೆ ಬಾರದಷ್ಟು ಎಂದು ವಾದಿಸಿತು. ರೋಗ ಗಾಳಿಯಲ್ಲಿದೆ ಎಂದು ಜನ ನಂಬಿದರೆ ಸಂಪರ್ಕದ ಸೋಂಕಿನ ಬಗ್ಗೆ ಎಚ್ಚರ ವಹಿಸುವುದಿಲ್ಲ ಎಂಬ ಭಯವೂ ಅವನಿಗಿತ್ತು. ಆ ಪುಸ್ತಕ ಮುಂದಿನ ಹಲವು ತಲೆಮಾರಿನ ವೈದ್ಯರ ತಲೆಯಲ್ಲಿ ಕೂತುಬಿಟ್ಟಿತು. ಆದರೆ ಅದೇ ಪ್ರಾವಿಡೆನ್ಸ್‌ನಲ್ಲಿ 1908ರಲ್ಲೇ ಕ್ಷಯದ ಭಯವಿದ್ದ ಮನೆಗಳ ಮಕ್ಕಳಿಗಾಗಿ ಒಂದು ಬಯಲು ಶಾಲೆ ಶುರುವಾಗಿತ್ತು. ಹಿಮ ಬೀಳುವ ಚಳಿಯಲ್ಲಿ ಕೋಣೆಯ ಒಂದು ಪಕ್ಕದ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಮಕ್ಕಳನ್ನು ದಪ್ಪ ಚೀಲಗಳೊಳಗೆ ಕೂರಿಸಿ, ಕಾಲ ಬುಡಕ್ಕೆ ಬಿಸಿ ಮಾಡಿದ ಬಳಪದ ಕಲ್ಲು ಇಟ್ಟು ಪಾಠ ಹೇಳಿದರು. ಅದಕ್ಕೂ ನಾಲ್ಕು ವರ್ಷ ಮುಂಚೆ ಬರ್ಲಿನ್ನಿನ ಪಕ್ಕದ ಶಾರ್ಲೊಟೆನ್‌ಬುರ್ಗ್‌ನಲ್ಲಿ ಕಾಡಿನೊಳಗೆ ಇಂಥದೇ ಶಾಲೆ ನಡೆದಿತ್ತು. ಒಂದೇ ಊರಿನಲ್ಲಿ ಶಾಲೆಯವರು ಕಿಟಕಿ ತೆರೆದರು, ಆರೋಗ್ಯಾಧಿಕಾರಿ ಗಾಳಿಯ ಮಾತು ಬಿಡಿ ಎಂದ. ಪುಸ್ತಕ ಉಳಿಯಿತು, ಬಯಲು ಶಾಲೆಗಳು ಕಣ್ಮರೆಯಾದವು.

ಪುರಾವೆ ಬೇಕೆಂದವರಿಗೆ ಪುರಾವೆಯೂ ಇತ್ತು. 1950ರ ದಶಕದ ಕೊನೆಗೆ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ವಿಲಿಯಂ ವೆಲ್ಸ್ ಕ್ಷಯರೋಗಿಗಳಿದ್ದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಿನ ಮಹಡಿಗೆ ಒಯ್ದು, ಅಲ್ಲಿ ಗಿನಿಯಿಲಿಗಳನ್ನು ಸಾಕಿದರು. ರೋಗಿಗಳ ಮುಖವನ್ನೇ ಕಾಣದ ಆ ಪ್ರಾಣಿಗಳಿಗೆ ಕ್ಷಯ ಬಂತು. ಅದೇ ಗಾಳಿಯನ್ನು ನೇರಳಾತೀತ ಬೆಳಕಿನ ಮೂಲಕ ಹಾಯಿಸಿ ಕೊಟ್ಟ ಗುಂಪಿಗೆ ಬರಲಿಲ್ಲ. ಅದಕ್ಕೂ ಮೊದಲೇ ವೆಲ್ಸ್, ಫಿಲಡೆಲ್ಫಿಯಾ ಸುತ್ತಲಿನ ಶಾಲೆಗಳಲ್ಲಿ ಸೂರಿನ ಹತ್ತಿರ ಅಂಥ ದೀಪ ಹಾಕಿಸಿ, 1941ರ ದಡಾರದ ಹಾವಳಿಯಲ್ಲಿ ದೀಪವಿದ್ದ ತರಗತಿಗಳ ಮಕ್ಕಳು ಎಷ್ಟೋ ಕಡಿಮೆ ಸಂಖ್ಯೆಯಲ್ಲಿ ಕಾಯಿಲೆ ಬಿದ್ದದ್ದನ್ನು ತೋರಿಸಿದ್ದರು. ಶಾಲೆಯ ಕೋಣೆಯಲ್ಲಿಯೇ, ಮಕ್ಕಳ ರೋಗದ ಮೇಲೆಯೇ ಮಾಡಿ ತೋರಿಸಿದ ಕೆಲಸ ಇದು. ಹೀಗಿರುವಾಗ 2020ರಲ್ಲಿ ಗೊತ್ತಿರಲಿಲ್ಲ ಎಂದು ಹೇಳಲು ಯಾರಿಗೂ ಹಕ್ಕಿಲ್ಲ.

ಈಗ ನಮ್ಮ ಕೋಣೆಯ ಲೆಕ್ಕಕ್ಕೆ ಬರೋಣ. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹತ್ತಡಿ ಎತ್ತರದ ಒಂದು ತರಗತಿ. ಒಟ್ಟು 4,000 ಘನ ಅಡಿ, ಅಂದರೆ ಸುಮಾರು 113 ಘನ ಮೀಟರ್ ಗಾಳಿ. ನಲವತ್ತು ಮಕ್ಕಳು. ಕೂತು ಓದುವ ಒಂದು ಮಗು ಗಂಟೆಗೆ ಸುಮಾರು ಹದಿನಾಲ್ಕು, ಹದಿನೈದು ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ಬಾಗಿಲು, ಕಿಟಕಿ ಮುಚ್ಚಿದ್ದರೆ, ಸಂದಿಗೊಂದಿಗಳಲ್ಲಿ ತುಸು ಗಾಳಿ ಆಡುತ್ತದೆಂದು ಹಿಡಿದರೂ, ನಲವತ್ತು ನಿಮಿಷದ ಒಂದು ಪೀರಿಯಡ್ ಮುಗಿಯುವಷ್ಟರಲ್ಲಿ ಅದು 3,000 ದಾಟುತ್ತದೆ. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ನೂರಕ್ಕೆ ನಾಲ್ಕರಷ್ಟು ಇರುವುದರಿಂದ ಮುಂದಿನ ಲೆಕ್ಕ ಸುಲಭ. 3,000 ಮುಟ್ಟಿದ ಕೋಣೆಯಲ್ಲಿ ಮಗು ಎಳೆದುಕೊಳ್ಳುವ ಗಾಳಿಯ ಹದಿನೈದರಲ್ಲಿ ಒಂದು ಪಾಲು ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದದ್ದು. ನಲವತ್ತರಲ್ಲಿ ಒಬ್ಬರಿಗೆ ಸೋಂಕಿದ್ದರೆ ಉಳಿದವರೆಲ್ಲ ಅವರ ಉಸಿರಿನ ಪಾಲುದಾರರು. ಇವರೆಲ್ಲ ಕೈ ಎಷ್ಟು ಸಲ ತೊಳೆದರೂ ಈ ಪಾಲು ಬದಲಾಗುವುದಿಲ್ಲ. ಆರಡಿ ದೂರ ಕೂತರೂ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಗಂಟೆ ಕಳೆದಂತೆ ಗಾಳಿ ಕೋಣೆಯ ತುಂಬ ಕಲೆತುಹೋಗುತ್ತದೆ.

ಇದನ್ನು ಕಣ್ಣಾರೆ ಕಾಣಬೇಕೆಂದವರು ಶಾಲೆ ಬಿಟ್ಟ ಮೇಲೆ ತರಗತಿಯ ಮೂಲೆಯಲ್ಲಿ ಒಂದು ಊದುಬತ್ತಿ ಹಚ್ಚಲಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ಮೊದಲು ನೆಟ್ಟಗೆ ಏರಿ, ಸೂರಿಗೆ ತಾಗಿ, ಹರಡಿ, ನಿಧಾನವಾಗಿ ಇಳಿದು, ಹತ್ತಾರು ನಿಮಿಷದಲ್ಲಿ ಎದುರಿನ ಮೂಲೆಗೂ ಪರಿಮಳ ಮುಟ್ಟಿಸುತ್ತದೆ. ಬತ್ತಿ ಆರಿ ಎಷ್ಟೋ ಹೊತ್ತಾದ ಮೇಲೂ ಪರಿಮಳ ಉಳಿಯುತ್ತದೆ. ಫ್ಯಾನು ಹಾಕಿದರೆ ಇನ್ನೂ ಬೇಗ ಎಲ್ಲ ಕಡೆ ಹರಡುತ್ತದೆ, ಆದರೆ ಹೋಗುವುದಿಲ್ಲ. ಸೂರಿನ ಫ್ಯಾನು ಇರುವ ಗಾಳಿಯನ್ನೇ ತಿರುವಿ ಹಾಕುತ್ತದೆ, ಹೊಸ ಗಾಳಿಯನ್ನು ತರುವುದಿಲ್ಲ. ಫ್ಯಾನಿದೆ, ಗಾಳಿಗೇನು ಕೊರತೆ ಎಂದುಕೊಂಡವರು ನಮ್ಮಲ್ಲಿ ಬಹಳ ಜನ. ಇನ್ನು ಎದುರುಬದುರಾಗಿ ಎರಡು ಕಿಟಕಿ ತೆರೆದು ಅದೇ ಬತ್ತಿಯನ್ನು ಹಚ್ಚಿ ನೋಡಿ. ಹೊಗೆ ಒಂದು ಕಡೆಗೆ ಓರೆಯಾಗಿ ಹರಿದು ಹೊರಟುಹೋಗುತ್ತದೆ. ಕೊರೊನಾದ ಕಣ ಈ ಹೊಗೆಯಂತೆಯೇ ನಡೆದುಕೊಳ್ಳುತ್ತದೆ. ಗಂಟೆಗೆ ಆರು ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳ ನೂರಕ್ಕೆ ತೊಂಬತ್ತೊಂಬತ್ತು ಪಾಲು 46 ನಿಮಿಷದಲ್ಲಿ ಹೊರಹೋಗುತ್ತವೆ. ಎರಡೇ ಬಾರಿ ಬದಲಾಗುವ ಕೋಣೆಯಲ್ಲಿ ಅದಕ್ಕೆ 138 ನಿಮಿಷ ಬೇಕು.

ಇಲ್ಲಿ ಏಳುವ ಮೊದಲ ಆಕ್ಷೇಪ ನನಗೆ ಚೆನ್ನಾಗಿ ಗೊತ್ತು. ಅದು ಶೀತದೇಶದವರ ಸಮಸ್ಯೆ, ನಮ್ಮ ಸರ್ಕಾರಿ ಶಾಲೆಗಳು ಗಾಳಿ ಬೆಳಕಿನ ಕಟ್ಟಡಗಳು, ಅಲ್ಲಿ ಮುಚ್ಚಲು ಏನಿದೆ ಎನ್ನುತ್ತಾರೆ. ಹಳೆಯ ಮಂಗಳೂರು ಹೆಂಚಿನ ಶಾಲೆಗಳ ಮಟ್ಟಿಗೆ ಈ ಮಾತು ನಿಜ. ಎತ್ತರದ ಮಾಡು, ಹೆಂಚಿನ ಸಂದು, ಗೋಡೆಗೂ ಮಾಡಿಗೂ ನಡುವೆ ಬಿಟ್ಟ ಜಾಗ, ಉದ್ದಕ್ಕೂ ಜಗಲಿ. ಆ ಕಟ್ಟಡ ತಾನೇ ಉಸಿರಾಡುತ್ತಿತ್ತು. ಆದರೆ ಆ ಕಟ್ಟಡಗಳು ಒಂದೊಂದಾಗಿ ಉರುಳಿ ಅವುಗಳ ಜಾಗದಲ್ಲಿ ಆರ್‌ಸಿಸಿ ಡಬ್ಬಗಳು ಎದ್ದಿವೆ. ನನಗೆ ಪರಿಚಯವಿರುವ ಒಂದು ಹಿರಿಯ ಪ್ರಾಥಮಿಕ ಶಾಲೆಯ ಕೋಣೆಯನ್ನೇ ಹೇಳುತ್ತೇನೆ. ನಕ್ಷೆಯ ಪ್ರಕಾರ ಅದಕ್ಕೆ ನಾಲ್ಕು ಕಿಟಕಿ, ಎರಡು ವೆಂಟಿಲೇಟರ್. ಹಿಂಬದಿಯ ಒಂದು ಕಿಟಕಿಗೆ ಕಬ್ಬಿಣದ ಬೀರು ಒತ್ತಿ ನಿಂತಿದೆ, ಅದರ ಮೇಲೆ ನಲಿ-ಕಲಿ ಕಾರ್ಡುಗಳ ಕಟ್ಟು. ಇನ್ನೊಂದರ ಮರದ ಬಾಗಿಲು ಮಳೆಯಲ್ಲಿ ಉಬ್ಬಿ ಬಿಗಿದುಕೊಂಡಿದೆ, ಕೊಂಡಿ ಕಿತ್ತುಹೋಗಿ ಹುರಿಯಲ್ಲಿ ಕಟ್ಟಿದ್ದಾರೆ. ಪಾರಿವಾಳ ಗೂಡು ಕಟ್ಟುತ್ತವೆಂದು ವೆಂಟಿಲೇಟರಿಗೆ ರಟ್ಟು ಹೊಡೆದಿದ್ದಾರೆ. ಜಗಲಿ ಕಡೆಯ ಕಿಟಕಿಗಳ ಮೇಲೆ ಗುಣಿತಾಕ್ಷರದ ಚಾರ್ಟುಗಳಿವೆ. ಕೇಳಿದರೆ ಮೇಡಂ ಹೇಳಿದರು, "ಹಿಂದ್ಗಡೆ ತಿಪ್ಪೆ ಐತಿ ಸರ್, ಸೊಳ್ಳೆ ಬರ್ತಾವು. ಮಳಿ ಬಂದ್ರ ಎರಚಲು ಹೊಡೀತೈತಿ, ಬಿಸಿಯೂಟದ ಅಕ್ಕಿ ಮೂಟಿ ಇಲ್ಲೇ ಇಡ್ತೀವಿ, ತೊಯ್ತಾವು."

ಮೇಡಂ ಹೇಳಿದ ಒಂದೊಂದು ಕಾರಣವೂ ನಿಜ. ಅವರನ್ನು ದೂರುವುದು ಅನ್ಯಾಯ. ಕಿಟಕಿಗೊಂದು ಸೊಳ್ಳೆ ಜಾಲರಿ, ಮೇಲೊಂದು ಅಗಲವಾದ ಸಜ್ಜಾ, ಒಂದು ಕೊಂಡಿ, ಅಕ್ಕಿಗೆ ಬೇರೆ ಜಾಗ ಕೊಟ್ಟಿದ್ದರೆ ಆ ಕಿಟಕಿ ತೆರೆದಿರುತ್ತಿತ್ತು. ಇದನ್ನೆಲ್ಲ ಕೊಡಬೇಕಾದವರು ಸ್ಯಾನಿಟೈಸರ್ ಕೊಟ್ಟರು. ಸಮಗ್ರ ಶಿಕ್ಷಣದಡಿ ಶಾಲೆಗಳಿಗೆ ಬರುವ ವಾರ್ಷಿಕ ಅನುದಾನದಲ್ಲಿ ಕನಿಷ್ಠ ಹತ್ತರಲ್ಲೊಂದು ಭಾಗವನ್ನು ಸ್ವಚ್ಛತೆಗೆ ಖರ್ಚು ಮಾಡಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮ, ಇರಲಿ. ಗಾಳಿಗೂ ಅಂಥದೊಂದು ಪಾಲು ಏಕಿರಬಾರದು?

ಖಾಸಗಿ ಶಾಲೆಗಳದು ಬೇರೆಯೇ ಕತೆ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಈಗ ತಾಲ್ಲೂಕು ಕೇಂದ್ರಗಳಲ್ಲೂ ಎ.ಸಿ. ತರಗತಿ ಎಂಬುದು ಶುಲ್ಕ ಹೆಚ್ಚಿಸುವ ಜಾಹೀರಾತು. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಒಳಗೇ ಬಿಡುತ್ತದೆ. ತಂಪು ಹೋಗಬಾರದೆಂದು ಕಿಟಕಿ ಮುಚ್ಚುತ್ತಾರೆ, ಪ್ರೊಜೆಕ್ಟರಿಗೆ ಕತ್ತಲೆ ಬೇಕೆಂದು ಪರದೆ ಎಳೆಯುತ್ತಾರೆ. ಲಕ್ಷ ಕೊಟ್ಟು ಮಗುವನ್ನು ಆ ಕೋಣೆಗೆ ಕಳಿಸುವ ತಂದೆತಾಯಿ, ಹಳ್ಳಿಯ ಹೆಂಚಿನ ಶಾಲೆಯ ಮಗುವಿಗೆ ಸಿಗುವಷ್ಟು ಒಳ್ಳೆಯ ಗಾಳಿಯೂ ತಮ್ಮ ಮಗುವಿಗೆ ಸಿಗುತ್ತಿಲ್ಲವೆಂದು ತಿಳಿದಿದ್ದರೆ ಶಾಲೆಯವರನ್ನು ಕೇಳದೆ ಬಿಡುತ್ತಿರಲಿಲ್ಲ.

ಈ ಅಜ್ಞಾನ ನಮಗೆ ಎಷ್ಟು ದುಬಾರಿಯಾಯಿತು ಎಂಬುದಕ್ಕೆ ವಿದ್ಯಾಗಮಕ್ಕಿಂತ ದೊಡ್ಡ ಸಾಕ್ಷಿ ಬೇಡ. 2020ರ ಆಗಸ್ಟ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಶುರುಮಾಡಿದ ಆ ಕಾರ್ಯಕ್ರಮದಲ್ಲಿ ಮೇಷ್ಟ್ರುಗಳು, ಮೇಡಂಗಳು ಊರೂರಿಗೆ ಹೋಗಿ ಅರಳಿಕಟ್ಟೆಯ ಮೇಲೆ, ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಜಗತ್ತಿನ ದೊಡ್ಡ ದೊಡ್ಡ ಆರೋಗ್ಯ ಸಂಸ್ಥೆಗಳು ಇನ್ನೂ ಗಾಳಿಯ ಬಗ್ಗೆ ತಡವರಿಸುತ್ತಿದ್ದ ಹೊತ್ತಿನಲ್ಲಿ ಕರ್ನಾಟಕದ ಪ್ರಾಥಮಿಕ ಶಾಲೆಯ ಶಿಕ್ಷಕರು ಮಾಡಿದ್ದು ಸರಿಯಾದ ಕೆಲಸ. ಅದರ ಹೆಮ್ಮೆ ನಮಗೆ ಇರಬೇಕಿತ್ತು. ಆದರೆ ಅಕ್ಟೋಬರಿನಲ್ಲಿ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ವರದಿಗಳು ಬಂದವು, ಶಿಕ್ಷಕರ ಸಾವುಗಳೂ ವರದಿಯಾದವು, ಗದ್ದಲವಾಯಿತು, ವಿದ್ಯಾಗಮ ನಿಂತಿತು. ಆ ಸಾವುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲಸಿಕೆ ಇನ್ನೂ ಬಾರದಿದ್ದ ಕಾಲದಲ್ಲಿ ಊರಿಂದೂರಿಗೆ ಬಸ್ಸಿನಲ್ಲಿ ಓಡಾಡಿದವರು ಅವರು. ಹಿರಿಯ ವಯಸ್ಸಿನ, ಕಾಯಿಲೆಯಿದ್ದ ಶಿಕ್ಷಕರನ್ನು ಹೊರಗಿಟ್ಟು ನಡೆಸಬೇಕಿತ್ತು ಎಂದು ಹೇಳಿದವರ ಕೋಪ ನ್ಯಾಯವಾದದ್ದು. ಆದರೆ ಸರಿಯಾದ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ: ಆ ಗುಂಪು ಕೂತದ್ದು ಅರಳಿಕಟ್ಟೆಯ ಮೇಲೋ, ಬಾಗಿಲು ಹಾಕಿದ ಸಮುದಾಯ ಭವನದೊಳಗೋ? ಎರಡೂ ವಿದ್ಯಾಗಮವೇ, ಅಪಾಯದಲ್ಲಿ ಮಾತ್ರ ಅಜಗಜಾಂತರ. ಈ ಒಂದು ಭೇದವನ್ನು ಗುರುತಿಸಿ ಭವನದ ಪಾಠ ನಿಲ್ಲಿಸಿ ಕಟ್ಟೆಯ ಪಾಠ ಮುಂದುವರಿಸಬಹುದಿತ್ತು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರು. ಅದೇ ಅಕ್ಟೋಬರಿನಲ್ಲಿ ಚಿತ್ರಮಂದಿರಗಳಿಗೆ ಅರ್ಧ ಆಸನದೊಂದಿಗೆ ಅನುಮತಿ ಸಿಕ್ಕಿತು. ಬಾರುಗಳು ಸೆಪ್ಟೆಂಬರಿನಲ್ಲೇ ತೆರೆದಿದ್ದವು. ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು, ಬಹಳ ಕಡೆ ಮತಗಟ್ಟೆಯಾದದ್ದು ಮಕ್ಕಳಿಗೆ ಬೀಗ ಹಾಕಿದ್ದ ಶಾಲೆಯೇ.

ಒಂದರಿಂದ ಐದನೆಯ ತರಗತಿಯವರು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. 2020ರ ಮಾರ್ಚ್‌ನಿಂದ ಎಣಿಸಿದರೆ ಹತ್ತೊಂಬತ್ತು ತಿಂಗಳು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಹದಿನಾರು ಸಾವಿರ ಮಕ್ಕಳನ್ನು ನೋಡಿತು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು, 82 ಮಕ್ಕಳು ಒಂದಾದರೂ ಗಣಿತದ ಸಾಮರ್ಥ್ಯವನ್ನು. ಅದು ಇನ್ನೂ ಹತ್ತನೆಯ ತಿಂಗಳು. ಅದೇ ವರ್ಷ ಜ್ಯಾಂ ದ್ರೇಜ್, ರೀತಿಕಾ ಖೇರಾ ಮೊದಲಾದವರು ಹದಿನೈದು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹಳ್ಳಿಯ ಮಕ್ಕಳ ಪೈಕಿ ನಿಯಮಿತವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದವರು ನೂರಕ್ಕೆ ಎಂಟು ಮಾತ್ರ, ಓದೇ ನಿಲ್ಲಿಸಿದವರು 37. ಹೊಲಕ್ಕೆ, ಗಾರೆ ಕೆಲಸಕ್ಕೆ, ಹಸೆಮಣೆಗೆ ಹೋದವರು ಇನ್ನೆಷ್ಟೋ. ಶಾಲೆ ಮುಚ್ಚಿದ್ದರಿಂದ ಮಕ್ಕಳು ಸುರಕ್ಷಿತವಾಗಿದ್ದರು ಎನ್ನುವವರು ಈ ಮಕ್ಕಳ ಮುಖ ನೋಡಿ ಆ ಮಾತು ಹೇಳಬೇಕು.

ಅನುಭವದಿಂದ ಕಲಿತೆವೇ ಎಂದರೆ ಅದೂ ಇಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೇ ಒಂದು ಸಲಹೆ ಹೊರಡಿಸಿ, ಸೂಕ್ಷ್ಮ ಕಣಗಳು ಹತ್ತು ಮೀಟರ್‌ವರೆಗೂ ತೇಲಿ ಹೋಗಬಲ್ಲವು, ಕಿಟಕಿ ಬಾಗಿಲು ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಎಂದು ಚಿತ್ರಸಮೇತ ತಿಳಿಸಿತ್ತು. ಹೀಗಿದ್ದೂ 2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ಬೆಂಗಳೂರಿನಲ್ಲಿ ಹತ್ತು, ಹನ್ನೊಂದು, ಹನ್ನೆರಡನೆಯ ತರಗತಿಗಳನ್ನು ಬಿಟ್ಟು ಉಳಿದವಕ್ಕೆಲ್ಲ ಮತ್ತೆ ಬೀಗ ಬಿತ್ತು. ಹೋಟೆಲು, ಪಬ್ಬು, ಚಿತ್ರಮಂದಿರಗಳು ಅರ್ಧ ಆಸನದಲ್ಲಿ ನಡೆದವು. ಕಿಟಕಿಯೇ ಇಲ್ಲದ ಸಭಾಂಗಣಕ್ಕೆ ಅನುಮತಿ, ಎರಡು ಕಡೆ ಕಿಟಕಿಯಿರುವ ಮೂರನೆಯ ತರಗತಿಗೆ ರಜೆ. ಗಾಳಿಯನ್ನು ಲೆಕ್ಕಕ್ಕೆ ಹಿಡಿದ ಯಾವ ಮನುಷ್ಯನೂ ಬರೆಯಲಾಗದ ಆದೇಶ ಅದು.

ಇನ್ನೊಂದು ಆಕ್ಷೇಪವಿದೆ, ಇದು ಗಟ್ಟಿಯಾದದ್ದು. ಕಿಟಕಿ ತೆರೆದರೆ ಸಾಕೇ? 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದು ಶಾಲೆಯಲ್ಲಿ ಕಿಟಕಿ ಬಾಗಿಲು ತೆರೆದಿದ್ದವು, ಕೋಣೆಯಲ್ಲಿ ಗಾಳಿ ಸೋಸುವ ಯಂತ್ರವೂ ಇತ್ತು. ಲಸಿಕೆ ಹಾಕಿಸಿಕೊಳ್ಳದಿದ್ದ ಶಿಕ್ಷಕರು ಸೋಂಕಿನ ಲಕ್ಷಣವಿದ್ದರೂ ಪಾಠಕ್ಕೆ ಬಂದು, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವಾಗ ಮಾಸ್ಕ್ ತೆಗೆದರು. 24 ಮಕ್ಕಳಲ್ಲಿ 12 ಮಂದಿಗೆ ಸೋಂಕು ಬಂತು. ಈ ಘಟನೆಯನ್ನು ನನ್ನ ವಾದದ ವಿರುದ್ಧ ಎತ್ತಿ ತೋರಿಸುತ್ತಾರೆ. ಅದನ್ನು ಪೂರ್ತಿ ಓದಬೇಕು. ಶಿಕ್ಷಕರ ಮೇಜಿಗೆ ಹತ್ತಿರದ ಎರಡು ಸಾಲುಗಳಲ್ಲಿ ಹತ್ತಕ್ಕೆ ಎಂಟು ಮಕ್ಕಳು ಸಿಕ್ಕಿಬಿದ್ದರು, ಹಿಂದಿನ ಮೂರು ಸಾಲುಗಳಲ್ಲಿ ಹದಿನಾಲ್ಕಕ್ಕೆ ನಾಲ್ಕು. ಬಾಯಿಯಿಂದ ಬಂದ ಉಸಿರು ಕಿಟಕಿ ತಲುಪುವ ಮೊದಲೇ ಮುಂದಿನ ಸಾಲನ್ನು ಮುಟ್ಟುತ್ತದೆ. ಆದ್ದರಿಂದ ಮಾಸ್ಕ್ ಬೇಕು, ಲಸಿಕೆ ಬೇಕು, ಮೈ ಹುಷಾರಿಲ್ಲದವರು ಮನೆಯಲ್ಲಿರಬೇಕು. ಕಿಟಕಿ ಇವುಗಳಿಗೆ ಬದಲಿಯಲ್ಲ. ಆದರೆ ಇವೆಲ್ಲ ಇದ್ದೂ ಕಿಟಕಿ ಮುಚ್ಚಿದ್ದರೆ ಹಿಂದಿನ ಮೂರು ಸಾಲುಗಳ ಗತಿ ಏನಾಗುತ್ತಿತ್ತು ಎಂದು ಯೋಚಿಸಿ.

ಒಂದು ಘಟನೆಯ ಬದಲು ನೂರಾರು ಶಾಲೆಗಳನ್ನು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ಅಮೆರಿಕದ ಜಾರ್ಜಿಯಾ ರಾಜ್ಯದ 169 ಪ್ರಾಥಮಿಕ ಶಾಲೆಗಳಲ್ಲಿ 2020ರ ಕೊನೆಗೆ ಲೆಕ್ಕ ಹಾಕಿದಾಗ, ಕಿಟಕಿ ಬಾಗಿಲು ತೆರೆದೋ ಫ್ಯಾನಿನಿಂದಲೋ ಗಾಳಿ ಬದಲಿಸಿದ ಶಾಲೆಗಳಲ್ಲಿ ಸೋಂಕು ನೂರಕ್ಕೆ 35ರಷ್ಟು ಕಡಿಮೆ, ಅದರ ಜೊತೆ ಗಾಳಿಯನ್ನು ಸೋಸಿಯೂ ಇದ್ದ ಕಡೆ 48ರಷ್ಟು ಕಡಿಮೆ ಇತ್ತು. ಇಟಲಿಯ ಮಾರ್ಕೆ ಪ್ರಾಂತ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ತರಗತಿಗಳನ್ನು ಹೋಲಿಸಿದಾಗ, ಯಂತ್ರದ ಮೂಲಕ ಗಂಟೆಗೆ ಆರು ಬಾರಿ ಗಾಳಿ ಬದಲಾಗುವ ತರಗತಿಗಳಲ್ಲಿ ಅಪಾಯ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇಳಿದಿತ್ತು. ಬೆಂಚು ಒರೆಸಿದ್ದರಿಂದ ಇಷ್ಟು ಇಳಿಯಿತೆಂದು ತೋರಿಸುವ ಒಂದು ಲೆಕ್ಕವನ್ನು ಯಾರಾದರೂ ಮುಂದಿಡಲಿ.

ಕಿಟಕಿ ತೆರೆದರೆ ದೂಳು ಬರುತ್ತದೆ ಎನ್ನುವ ಮಾತಿಗೂ ಉತ್ತರವಿದೆ. ಹೆದ್ದಾರಿಗೆ ಅಂಟಿಕೊಂಡ ಶಾಲೆಯಲ್ಲಿ ರಸ್ತೆಯ ಕಡೆಯ ಕಿಟಕಿ ಮುಚ್ಚಿ, ಹಿಂದಿನಿಂದ ಗಾಳಿ ತರಬೇಕು, ಸಾಲದಿದ್ದರೆ ಸೋಸಬೇಕು. ಅಮೆರಿಕದಲ್ಲಿ ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂಥಾಲ್ 2020ರಲ್ಲಿ ಒಂದು ಸಾಮಾನ್ಯ ಫ್ಯಾನಿಗೆ ನಾಲ್ಕೈದು ಫಿಲ್ಟರ್ ಟೇಪಿನಲ್ಲಿ ಅಂಟಿಸಿ ಮಾಡಿದ ಪೆಟ್ಟಿಗೆಯನ್ನು ಎಷ್ಟೋ ಶಾಲೆಗಳಲ್ಲಿ ಮಕ್ಕಳೇ ಕೂಡಿ ಮಾಡಿದ್ದಾರೆ. ಚಳಿ ಎನ್ನುವವರಿಗೆ ಜರ್ಮನಿಯ ಉತ್ತರವಿದೆ: ಅಲ್ಲಿ ಸರ್ಕಾರದ ಸೂಚನೆಯಂತೆ ಚಳಿಗಾಲದಲ್ಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಮೂರರಿಂದ ಐದು ನಿಮಿಷ ಎಲ್ಲ ಕಿಟಕಿ ತೆರೆದರು, ಮಕ್ಕಳು ಕೋಟು ಹಾಕಿಕೊಂಡು ಕೂತರು. ಧಾರವಾಡಕ್ಕೆ, ಮೈಸೂರಿಗೆ ಅಂಥ ಚಳಿ ಯಾವ ಕಾಲಕ್ಕೂ ಇಲ್ಲ.

ದುಡ್ಡಿನ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ಹನ್ನೆರಡು ಇಂಚಿನ ಒಂದು ಎಕ್ಸಾಸ್ಟ್ ಫ್ಯಾನು ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಅದು ಗಂಟೆಗೆ ಸಾವಿರ ಘನ ಮೀಟರ್‌ನಷ್ಟು ಗಾಳಿ ಎಳೆದರೆ ಮೇಲೆ ಹೇಳಿದ ಕೋಣೆಯಲ್ಲಿ ಗಂಟೆಗೆ ಸುಮಾರು ಒಂಬತ್ತು ಬಾರಿ ಗಾಳಿ ಬದಲಾಗುತ್ತದೆ, ನಲವತ್ತು ಮಕ್ಕಳಿದ್ದರೂ ಇಂಗಾಲದ ಡೈಆಕ್ಸೈಡಿನ ಅಂಕಿ 1,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಳೆಯದಾಗಿ ಅರ್ಧಕ್ಕೆ ಇಳಿದರೂ ನಾಲ್ಕೈದು ಬಾರಿ ಬದಲಾಗುತ್ತದೆ. ಕರೆಂಟು ಹೋದಾಗ ಎದುರುಬದುರು ಕಿಟಕಿ ಇದ್ದೇ ಇದೆ. ಈ ಅನಿಲವನ್ನು ಅಳೆಯುವ ಮೀಟರಿಗೆ ಕೆಲವು ಸಾವಿರ ರೂಪಾಯಿ. ಬ್ರಿಟನ್ ಸರ್ಕಾರ 2021ರಲ್ಲಿ ತನ್ನ ಶಾಲೆಗಳಿಗೆ ಮೂರು ಲಕ್ಷ ಮೀಟರು ಹಂಚಿತು. ನಮಗೆ ಕೋಣೆಗೊಂದು ಬೇಡ, ಕ್ಲಸ್ಟರಿಗೊಂದು ಸಾಕು. ಶಾಲೆಗಳನ್ನು ಸುತ್ತುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ತಮ್ಮ ಚೀಲದಲ್ಲಿ ಒಯ್ದು ಒಂದೊಂದು ಕೋಣೆಯಲ್ಲಿ ಒಂದು ಪೀರಿಯಡ್ ಇಟ್ಟು ಬರೆದುಕೊಂಡರೆ ಯಾವ ಕಿಟಕಿಗೆ ಜಾಲರಿ ಬೇಕು, ಯಾವ ಕೋಣೆಗೆ ಫ್ಯಾನು ಬೇಕು ಎಂಬುದು ಒಂದೇ ವರ್ಷದಲ್ಲಿ ಜಿಲ್ಲೆಯ ಮಟ್ಟಿಗೆ ಗೊತ್ತಾಗುತ್ತದೆ.

ರೋಗ ಬಂದಾಗ ಕಟ್ಟಡವನ್ನೇ ಬದಲಿಸುವುದು ಈ ನಾಡಿಗೆ ಹೊಸದೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಇಕ್ಕಟ್ಟಿನ ಪೇಟೆಯಿಂದಾಚೆ ಅಗಲ ರಸ್ತೆ, ಮನೆಗಳ ಸುತ್ತ ಜಾಗ ಇಟ್ಟು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದರು. ಪ್ಲೇಗು ಇಲಿಯ ಚಿಗಟದಿಂದ ಬಂದದ್ದು ನಿಜ. ಆದರೂ ಅವತ್ತಿನವರು ರೋಗವನ್ನು ಊರಿನ ವಿನ್ಯಾಸದ ಪ್ರಶ್ನೆಯಾಗಿ ಕಂಡರು, ಅದರ ಫಲ ಇವತ್ತಿಗೂ ಆ ಬಡಾವಣೆಗಳಲ್ಲಿ ಇದೆ. ಕೊರೊನಾ ನಮಗೆ ಅಂಥ ಏನನ್ನು ಬಿಟ್ಟುಹೋಯಿತು? 2022ರ ನವೆಂಬರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಹೊಸ ತರಗತಿಗಳನ್ನು ಕಟ್ಟುವ ವಿವೇಕ ಯೋಜನೆ ಬಂದಾಗ ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ರಾಜ್ಯವೇ ಎರಡಾಗಿ ವಾದಿಸಿತು. ಓಮಿಕ್ರಾನ್‌ಗೆ ಶಾಲೆ ಮುಚ್ಚಿ ವರ್ಷವೂ ತುಂಬಿರಲಿಲ್ಲ. ಆ ಗೋಡೆಯಲ್ಲಿ ಕಿಟಕಿ ಎಷ್ಟು, ಎದುರುಬದುರು ಇವೆಯೇ, ಸೂರು ಎಷ್ಟು ಎತ್ತರ ಎಂಬ ಪ್ರಶ್ನೆಗೆ ಆ ಗಲಾಟೆಯಲ್ಲಿ ಜಾಗವೇ ಇರಲಿಲ್ಲ.

ಕ್ಷಯ ನಮ್ಮ ನಡುವೆ ಇದ್ದೇ ಇದೆ, ಜಗತ್ತಿನ ನಾಲ್ಕು ಕ್ಷಯರೋಗಿಗಳಲ್ಲಿ ಒಬ್ಬರು ಭಾರತದವರು. ದಡಾರ, ಫ್ಲೂ ಪ್ರತಿ ವರ್ಷ ಬರುತ್ತವೆ. ಇವೆಲ್ಲ ಹರಡುವುದು ಇದೇ ಗಾಳಿಯಲ್ಲಿ. ಆದ್ದರಿಂದ ಮುಂದಿನ ಸಾಂಕ್ರಾಮಿಕಕ್ಕೆ ಕಾಯದೆ ಈಗಿನಿಂದಲೇ ಒಂದು ಕೆಲಸವಾಗಬೇಕು. ಹೊಸ ಕೊಠಡಿಯ ಗುತ್ತಿಗೆದಾರನ ಕೊನೆಯ ಬಿಲ್ಲು ಪಾಸಾಗುವ ಮುನ್ನ, ಮಕ್ಕಳು ತುಂಬಿ ಕೂತ ಆ ಕೋಣೆಯಲ್ಲಿ ಒಂದು ಪೂರ್ತಿ ಪೀರಿಯಡ್ ಮೀಟರ್ ಇಟ್ಟು, ಬಂದ ಅಂಕಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ನಡಾವಳಿ ಪುಸ್ತಕದಲ್ಲಿ ಬರೆದು, ಅಧ್ಯಕ್ಷರ ಸಹಿ ಹಾಕಿಸಬೇಕು. ಅಂಕಿ 1,000 ದಾಟಿದ್ದರೆ ಕಿಟಕಿಯೋ ಫ್ಯಾನೋ ಸರಿಯಾಗುವವರೆಗೆ ಆ ಬಿಲ್ಲು ತಾಲ್ಲೂಕು ಕಚೇರಿಯಿಂದ ಮುಂದಕ್ಕೆ ಹೋಗಬಾರದು.